ಪಕ್ಕದ ಮನೆಯ ಬೆಕ್ಕುಗಳು, ಪಕ್ಕದ ಮನೆಯ ಆಂಟಿ

ಪ್ರಶ್ನೆ: ಮೇಡಂ, ನಮ್ಮದು ಹನುಮಂತನಗರದ ಒಂದು ಹಳೇ ಬೀದಿ. ಮನೆಗಳ ನಡುವೆ ಜಾಗವೇ ಇಲ್ಲ, ಗೋಡೆಗೆ ಗೋಡೆ ಅಂಟಿಕೊಂಡಿದೆ. ಪಕ್ಕದ ಮನೆಯಲ್ಲಿ ರಿಟೈರ್ ಆದ ಒಬ್ಬ ಟೀಚರ್ ಇದ್ದಾರೆ. ಎಪ್ಪತ್ತರ ಹತ್ತಿರ ವಯಸ್ಸು, ಮಕ್ಕಳಿಲ್ಲ. ನಾವೆಲ್ಲ ಟೀಚರ್ ಆಂಟಿ ಅಂತಲೇ ಕರೆಯೋದು. ನನ್ನ ಮಗನಿಗೆ ಮಗ್ಗಿ ಕಲಿಸಿದವರು ಅವರೇ. ಅಂಕಲ್ ತೀರಿಕೊಂಡ ಮೇಲೆ ಒಂದು ಹೆಣ್ಣು ಬೆಕ್ಕು ಬಂದು ಸೇರಿಕೊಂಡಿತು. ಅದು ಮರಿ ಹಾಕಿತು. ಇವರು ಬೆಕ್ಕು ಸಾಕುತ್ತಾರೆ ಅಂತ ಗೊತ್ತಾಗಿ ಯಾರೋ ರಟ್ಟಿನ ಡಬ್ಬದಲ್ಲಿ ಇನ್ನೊಂದಿಷ್ಟು ಮರಿ ತಂದು ಗೇಟಿನ ಹತ್ತಿರ ಇಟ್ಟು ಹೋದರು. ಈಗ ಮೂವತ್ತರ ಹತ್ತಿರ ಇವೆ. ಮನೆಯ ಕಿಟಕಿ ಯಾವತ್ತೂ ತೆಗೆಯೋದಿಲ್ಲ. ಆದರೂ ವಾಸನೆ ನಮ್ಮ ಅಡುಗೆಮನೆವರೆಗೆ ಬರುತ್ತೆ. ನಮ್ಮತ್ತೆಗೆ ಆಸ್ತಮಾ ಇದೆ, ರಾತ್ರಿ ತುಂಬಾ ಕಷ್ಟಪಡುತ್ತಾರೆ. ಹೋದ ತಿಂಗಳು ಪೌರಕಾರ್ಮಿಕರಿಗೆ ಕಸದ ಕವರಿನಲ್ಲಿ ಸತ್ತ ಮರಿಗಳು ಸಿಕ್ಕವು. ಅವತ್ತಿಂದ ಬೀದಿಯಲ್ಲಿ ದಿನಾ ಇದೇ ಮಾತು. ಒಬ್ಬರು ಪೊಲೀಸ್ ಕಂಪ್ಲೇಂಟ್ ಕೊಡೋಣ ಅಂತಾರೆ. ಇನ್ನೊಬ್ಬರು ಆಂಟಿ ಬ್ಯಾಂಕಿಗೆ ಹೋದಾಗ ಎಲ್ಲವನ್ನೂ ಚೀಲದಲ್ಲಿ ಹಿಡಿದು ಮಾರ್ಕೆಟ್ ಹತ್ತಿರ ಬಿಟ್ಟು ಬರೋಣ ಅಂತಾರೆ. ನಾನು ಒಂದು ಸಂಸ್ಥೆಗೆ ಫೋನ್ ಮಾಡಿದೆ, ಜಾಗ ಇಲ್ಲ ಅಂದರು. ಆಂಟಿ ತುಂಬಾ ಸೊರಗಿದ್ದಾರೆ. ಹೋಗಿ ಮಾತಾಡಿಸಿದರೆ ಬಾಗಿಲನ್ನು ಅರ್ಧ ತೆಗೆದು "ಎಲ್ಲಾ ಚೆನ್ನಾಗಿದೆ ಕಣಮ್ಮ" ಅಂತ ಮುಚ್ಚಿಬಿಡುತ್ತಾರೆ. ನಾನು ಏನು ಮಾಡಲಿ?
— ಹೆಸರು ಬೇಡ, ಹನುಮಂತನಗರ

ಉತ್ತರ: ಮೊದಲು ಅರ್ಜೆಂಟಾದ ವಿಷಯ. ಚೀಲದಲ್ಲಿ ಹಿಡಿದು ಬಿಟ್ಟು ಬರುವ ಮಾತನ್ನು ಇವತ್ತೇ ನಿಲ್ಲಿಸಿ. ಅನ್ನ ನೀರಿಲ್ಲದೆ ನರಳುವ ಕಡೆ ಪ್ರಾಣಿಯನ್ನು ಬಿಟ್ಟು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ಮನೆಯೊಳಗೇ ಹುಟ್ಟಿ ಬೆಳೆದ ಬೆಕ್ಕಿಗೆ ಲಾರಿ ಗೊತ್ತಿಲ್ಲ, ಬೀದಿನಾಯಿ ಗೊತ್ತಿಲ್ಲ, ಮಾರ್ಕೆಟ್ಟಿನಲ್ಲಿ ಅದು ಬದುಕೋದು ಕಷ್ಟ. ಇನ್ನೂ ದೊಡ್ಡ ನಷ್ಟ ಬೇರೆ ಇದೆ. ಬ್ಯಾಂಕಿನಿಂದ ಬಂದ ಆಂಟಿ ಖಾಲಿ ಮನೆ ನೋಡಿದ ಮೇಲೆ ನಿಮ್ಮ ಬೀದಿಯ ಒಬ್ಬರಿಗೂ ಬಾಗಿಲು ತೆಗೆಯೋದಿಲ್ಲ. ಈಗ ಅರ್ಧವಾದರೂ ತೆಗೆಯುತ್ತಿದ್ದಾರಲ್ಲ, ಮುಂದೆ ಮಾಡಬೇಕಾದ ಕೆಲಸವೆಲ್ಲ ಆ ಅರ್ಧ ಬಾಗಿಲಿನ ಮೇಲೇ ನಿಂತಿದೆ.

ಇನ್ನು ಆಂಟಿಯ ವಿಷಯ. ಜಾಸ್ತಿ ಪ್ರಾಣಿ ಸಾಕೋದೇ ಕಾಯಿಲೆ ಅಲ್ಲ. ಹತ್ತು ಬೆಕ್ಕು ಸಾಕಿ ಹತ್ತಕ್ಕೂ ಲಸಿಕೆ ಹಾಕಿಸಿ, ಮನೆ ಶುಚಿಯಾಗಿ ಇಟ್ಟುಕೊಂಡವರು ಬೆಂಗಳೂರಿನಲ್ಲಿ ಎಷ್ಟೋ ಜನ ಇದ್ದಾರೆ. ಗ್ಯಾರಿ ಪ್ಯಾಟ್ರೊನೆಕ್ ಅಂತ ಅಮೆರಿಕದ ಪಶುವೈದ್ಯರು 1999ರಲ್ಲಿ ನೋಡಿಕೊಳ್ಳಲಾಗದಷ್ಟು ಪ್ರಾಣಿಗಳನ್ನು ಕೂಡಿಹಾಕುವ ಸಮಸ್ಯೆಯನ್ನು ಅಭ್ಯಾಸ ಮಾಡಿ ಬರೆದಾಗ, ಪ್ರಾಣಿಗಳ ಸಂಖ್ಯೆ ಒಂದನ್ನೇ ಹಿಡಿದುಕೊಳ್ಳಲಿಲ್ಲ. ಅವರು ನೋಡಿದ್ದು ಇದನ್ನು: ಪ್ರಾಣಿಗಳಿಗೆ ಕನಿಷ್ಠ ಊಟ, ಶುಚಿ, ಚಿಕಿತ್ಸೆ ಕೊಡೋಕೆ ಆಗ್ತಿದೆಯಾ? ಆಗ್ತಿಲ್ಲ ಅನ್ನೋದು ಸಾಕಿದವರಿಗೆ ಕಾಣುತ್ತಿದೆಯಾ? ಪ್ರಾಣಿ ನರಳುತ್ತಿರೋದು, ಮನೆ ಹಾಳಾಗುತ್ತಿರೋದು, ತಮ್ಮ ದೇಹವೇ ಸೊರಗುತ್ತಿರೋದು ಎದುರಿಗಿದ್ದರೂ "ಎಲ್ಲಾ ಚೆನ್ನಾಗಿದೆ" ಅನ್ನುತ್ತಾರಲ್ಲ, ಇದರ ಮುಖ್ಯ ಗುರುತೇ ಅದು. ಪ್ಯಾಟ್ರೊನೆಕ್ ನೋಡಿದ ಪ್ರಕರಣಗಳಲ್ಲಿ ಹೆಚ್ಚಿನವರು ಹೆಂಗಸರು, ಸುಮಾರು ಅರ್ಧದಷ್ಟು ಜನ ಅರವತ್ತು ದಾಟಿದವರು, ಎಷ್ಟೋ ಜನ ಒಂಟಿ. ಬೇಕಾದ್ದು ಬೇಡದ್ದು ಎಲ್ಲ ಕೂಡಿಟ್ಟುಕೊಂಡು ಯಾವುದನ್ನೂ ಬಿಡಲಾಗದ ಸ್ಥಿತಿಯನ್ನು ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ಪ್ರತ್ಯೇಕ ಕಾಯಿಲೆ ಅಂತ ಸೇರಿಸಿತು, ಪ್ರಾಣಿಗಳನ್ನು ಕೂಡಿಹಾಕುವುದನ್ನೂ ಅಲ್ಲಿ ಹೇಳಿದೆ. ಆಂಟಿಗೆ ಈ ಕಾಯಿಲೆ ಇದೆ ಅಂತ ನಾನು ಇಲ್ಲಿ ಕೂತು ಹೇಳೋದಿಲ್ಲ. ಅದನ್ನು ಅವರನ್ನು ನೋಡಿದ ಡಾಕ್ಟರ್ ಮಾತ್ರ ಹೇಳಬಹುದು. ಗಂಡ ಹೋದ ದುಃಖ ಇರಬಹುದು, ಮರೆವಿನ ಕಾಯಿಲೆ ಶುರುವಾಗಿರಬಹುದು, ಅಥವಾ ಸುಮ್ನೆ ಕೈಮೀರಿ ಹೋಗಿರಬಹುದು.

ಕೈಮೀರೋದು ಎಷ್ಟು ಸುಲಭ ನೋಡಿ. ಬೆಕ್ಕು ಗಬ್ಬವಾಗಿ ಎರಡು ತಿಂಗಳು ಚಿಲ್ಲರೆ ದಿನಕ್ಕೆ ಮರಿ ಹಾಕುತ್ತೆ. ಒಂದು ಸಲಕ್ಕೆ ಮೂರು, ನಾಲ್ಕು, ಐದು. ಮರಿಗಳು ಹಾಲು ಕುಡಿಯುತ್ತಿರುವಾಗಲೇ ತಾಯಿ ಮತ್ತೆ ಗಬ್ಬವಾಗಬಹುದು. ಆ ಹೆಣ್ಣು ಮರಿಗಳೂ ನಾಲ್ಕೈದು ತಿಂಗಳಿಗೇ ಗಬ್ಬ ನಿಲ್ಲುತ್ತವೆ, ಒಡಹುಟ್ಟಿದವು ಅನ್ನೋದು ಬೆಕ್ಕಿಗೆ ಅಡ್ಡಿಯಲ್ಲ. ಅಂದರೆ ಒಂದು ಹೆಣ್ಣು, ಒಂದು ಗಂಡು, ಮುಚ್ಚಿದ ಮನೆ ಇದ್ದರೆ ಮೂವತ್ತಾಗೋಕೆ ಯಾರೂ ಹೊರಗಿನಿಂದ ತರಬೇಕಾಗಿಲ್ಲ. ಆಂಟಿ ಮೂವತ್ತು ಬೆಕ್ಕು ತಂದು ತುಂಬಿಕೊಂಡರು ಅಂತ ಬೀದಿಯವರು ಮಾತಾಡುತ್ತಿದ್ದರೆ ಇದನ್ನು ಅವರಿಗೆ ಹೇಳಿ. ಜೊತೆಗೆ ಡಬ್ಬದಲ್ಲಿ ಮರಿ ಇಟ್ಟು ಹೋದವರದ್ದೂ ಇದರಲ್ಲಿ ಪಾಲಿದೆ. ಮರಿ ಬೇಡವಾದವರೆಲ್ಲ ತಂದು ಇಟ್ಟು ಹೋದ ಭಾರವನ್ನು ಒಬ್ಬ ವಯಸ್ಸಾದ ಹೆಂಗಸು ಹೊತ್ತಿದ್ದಾರೆ. ಈಗ ಎಲ್ಲರೂ ಸೇರಿ ಅವರನ್ನೇ ಬೈಯೋದು ನನಗೆ ಸರಿ ಕಾಣೋದಿಲ್ಲ.

ಹಾಗಾದರೆ ಎಲ್ಲಿಂದ ಶುರು ಮಾಡೋದು? ಬೆಕ್ಕು ಕಮ್ಮಿ ಮಾಡೋ ಮಾತಿನಿಂದ ಅಂತೂ ಅಲ್ಲ. "ಇಷ್ಟೊಂದು ಯಾಕೆ ಆಂಟಿ", "ಮನೆ ಗಬ್ಬೆದ್ದು ಹೋಗಿದೆ" ಅಂದ ಕೂಡಲೇ ಬಾಗಿಲು ಮುಚ್ಚುತ್ತೆ. ನೀವು ಒಬ್ಬರೇ ಹೋಗಿ, ನಾಲ್ಕು ಜನರ ಗುಂಪು ಬೇಡ. ಕೈಯಲ್ಲಿ ಬಿಸಿ ಊಟದ ಡಬ್ಬಿ ಇರಲಿ, ಯಾಕೆಂದರೆ ಸೊರಗಿದ್ದಾರೆ ಅಂತ ನೀವೇ ಬರೆದಿದ್ದೀರಿ, ಪಿಂಚಣಿ ಹಣವೆಲ್ಲ ಬೆಕ್ಕಿನ ಹಾಲಿಗೆ ಹೋಗಿ ಇವರು ಸರಿಯಾಗಿ ಉಣ್ಣುತ್ತಿಲ್ಲ ಅನ್ನೋ ಸಾಧ್ಯತೆ ಜಾಸ್ತಿ. ಮಗನನ್ನು ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು, ತಾವು ಮಗ್ಗಿ ಕಲಿಸಿದ ಹುಡುಗನನ್ನು ನೋಡಿ ಬಾಗಿಲಲ್ಲೇ ನಿಲ್ಲಿಸಿ ಕಳಿಸೋದು ಅವರಿಗೂ ಕಷ್ಟ. ಮೊದಲ ಒಂದೆರಡು ಸಲ ಬೆಕ್ಕಿನ ವಿಷಯವನ್ನೇ ಎತ್ತಬೇಡಿ. ಆಮೇಲೆ ಕಣ್ಣಿಗೆ ಬೀಳುವ ಒಂದು ಬೆಕ್ಕನ್ನು ತೋರಿಸಿ ಕೇಳಿ: "ಆಂಟಿ, ಈ ಬಿಳಿ ಮರಿಗೆ ಕಣ್ಣು ಅಂಟಿಕೊಂಡಿದೆ ಅಲ್ವಾ, ನಾನು ಆಟೋ ಕರೀತೀನಿ, ಡಾಕ್ಟರ್ ಹತ್ರ ಹೋಗಿ ಬರೋಣ್ವಾ?" ಒಂದೇ ಬೆಕ್ಕು, ಒಂದೇ ಕೆಲಸ. ಅದು ಹುಷಾರಾಗಿ ಅವರ ಮನೆಗೇ ವಾಪಸ್ ಬರಬೇಕು, ಇದು ಬಹಳ ಮುಖ್ಯ. ಕೊಟ್ಟರೆ ವಾಪಸ್ ಬರುತ್ತೆ ಅನ್ನೋ ನಂಬಿಕೆ ಬಂದರೆ ಎರಡನೆಯದನ್ನು ಕೊಡುತ್ತಾರೆ.

ಆಪರೇಷನ್ ಮಾತು ಆಗ. ಮರಿ ಆಗದ ಹಾಗೆ ಮಾಡೋದು ಅಂದ್ರೆ ಪಾಪ ಅಂತ ಆಂಟಿ ಅಂದುಕೊಂಡಿರಬಹುದು, ನಮ್ಮ ಮನೆಗಳಲ್ಲಿ ಈ ಭಾವನೆ ತುಂಬಾ ಇದೆ. ವಾದ ಮಾಡಬೇಡಿ. ಸತ್ತ ಮರಿಗಳ ಬಗ್ಗೆ ಅವರಿಗೂ ನೋವಿದೆ, ಇನ್ನು ಮುಂದೆ ಹಾಗೆ ಆಗಬಾರದು ಅನ್ನೋದು ಇಬ್ಬರಿಗೂ ಒಪ್ಪಿಗೆಯಾಗುವ ಮಾತು, ಅಲ್ಲಿಂದ ಶುರು ಮಾಡಿ. ಹೆಣ್ಣು ಬೆಕ್ಕುಗಳು ಮೊದಲು. ಅವುಗಳದ್ದು ಮುಗಿಯುವವರೆಗೆ ಗಂಡುಗಳನ್ನು ಬೇರೆ ರೂಮಿನಲ್ಲಿ ಇಟ್ಟರೂ ಎಷ್ಟೋ ಉಪಕಾರ. ಗಂಡು ಬೆಕ್ಕಿಗೆ ಆಪರೇಷನ್ ಆದರೆ ಗೋಡೆಗೆ ಉಚ್ಚೆ ಸಿಡಿಸೋದು ಸಾಮಾನ್ಯವಾಗಿ ಕಮ್ಮಿಯಾಗುತ್ತೆ, ವಾಸನೆಯ ದೊಡ್ಡ ಪಾಲು ಅಲ್ಲಿಂದಲೇ ಬರೋದು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಕ್ವೀನ್ಸ್ ರಸ್ತೆಯಲ್ಲಿ ಸರ್ಕಾರಿ ಪಶು ಆಸ್ಪತ್ರೆ ಇದೆ, 1991ರಿಂದ ಊರಿನಲ್ಲಿ ಕೆಲಸ ಮಾಡುತ್ತಿರುವ ಕೂಪಾದಂಥ ಪ್ರಾಣಿದಯಾ ಸಂಸ್ಥೆಗಳಿವೆ. ಸಂಸ್ಥೆಗೆ ಫೋನ್ ಮಾಡಿದಾಗ "ಮೂವತ್ತು ಬೆಕ್ಕು ತಗೊಂಡು ಹೋಗಿ" ಅಂದರೆ ಜಾಗ ಇಲ್ಲ ಅನ್ನೋ ಉತ್ತರವೇ ಬರೋದು, ಎಲ್ಲ ಕಡೆ ತುಂಬಿಹೋಗಿದೆ. "ವಾರಕ್ಕೆ ಎರಡು ಬೆಕ್ಕಿಗೆ ಆಪರೇಷನ್ ಮಾಡಿಸಬೇಕು, ಕರೆತಂದು ವಾಪಸ್ ಒಯ್ಯೋದು ನಮ್ಮ ಜವಾಬ್ದಾರಿ" ಅಂತ ಕೇಳಿ ನೋಡಿ. ಆಗ ಮಾತು ಬೇರೆ ಆಗುತ್ತೆ. ಖರ್ಚಿಗೆ ಬೀದಿಯವರು ಚಂದಾ ಹಾಕಲಿ. ಗಣೇಶನ ಹಬ್ಬಕ್ಕೆ ಎತ್ತುತ್ತೀರಲ್ಲ, ಇದಕ್ಕೂ ಎತ್ತಬಹುದು.

ಊಟದ ಬಗ್ಗೆಯೂ ಒಂದು ಮಾತು. ಹಾಲು ಅನ್ನ ಮಾತ್ರ ಹಾಕಿ ಸಾಕಿದ ಬೆಕ್ಕು ಹೊಟ್ಟೆ ತುಂಬಿದ್ದೂ ಸೊರಗುತ್ತೆ. ಬೆಕ್ಕಿಗೆ ಮಾಂಸ, ಮೀನಿನಲ್ಲಿ ಸಿಗುವ ಟಾರಿನ್ ಅನ್ನೋ ಅಂಶ ಬೇಕೇ ಬೇಕು, ಅದು ಸಿಗದಿದ್ದರೆ ಕಣ್ಣು ಹೋಗುತ್ತೆ, ಹೃದಯ ಕೆಡುತ್ತೆ. ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಸುವಿನ ಹಾಲು ಜೀರ್ಣವೂ ಆಗೋದಿಲ್ಲ, ಭೇದಿ ಆಗುತ್ತೆ. ಆಂಟಿ ಶುದ್ಧ ಸಸ್ಯಾಹಾರಿಯಾಗಿದ್ದರೆ ಮೀನು ಮುಟ್ಟಿ ಅಂತ ಒತ್ತಾಯ ಬೇಡ, ಅಂಗಡಿಯಲ್ಲಿ ಸಿಗುವ ಬೆಕ್ಕಿನ ಒಣ ಆಹಾರ ತಂದುಕೊಡಿ.

ವಾಸನೆ ನಿಮ್ಮತ್ತೆಯ ಉಸಿರಿನ ಪ್ರಶ್ನೆ, ಅದನ್ನು ಸಣ್ಣದು ಮಾಡಬೇಡಿ. ಬೆಕ್ಕಿನ ಉಚ್ಚೆ ಹಳೆಯದಾದ ಹಾಗೆ ಅದರಿಂದ ಅಮೋನಿಯಾ ಏಳುತ್ತೆ, ಅದು ಶ್ವಾಸಕೋಶವನ್ನು ಕೆರಳಿಸುತ್ತೆ. ಆಂಟಿ ಅದರಲ್ಲೇ ಮಲಗುತ್ತಿದ್ದಾರೆ ಅನ್ನೋದೂ ನೆನಪಿರಲಿ. ಸ್ವಲ್ಪ ಸಲಿಗೆ ಬಂದ ಮೇಲೆ "ಅತ್ತೆಗೆ ರಾತ್ರಿ ಉಸಿರು ಕಟ್ಟುತ್ತೆ ಆಂಟಿ, ಹಿಂದಿನ ರೂಮು ಒಂದನ್ನು ತೊಳೆದು ಕೊಡಲಾ?" ಅಂತ ನೇರವಾಗಿ ಕೇಳಿ. ಮುಚ್ಚಿಟ್ಟುಕೊಂಡು ಒಳಗೊಳಗೇ ಸಿಟ್ಟು ಬೆಳೆಸಿಕೊಳ್ಳೋದಕ್ಕಿಂತ ಇದು ಇಬ್ಬರಿಗೂ ಒಳ್ಳೆಯದು. ತೊಳೆಯುವಾಗ ಬ್ಲೀಚಿಂಗ್ ಪೌಡರ್ ಸುರಿಯಬೇಡಿ, ಉಚ್ಚೆಯ ಜೊತೆ ಸೇರಿ ವಿಷದ ಗಾಳಿ ಬರುತ್ತೆ. ಫಿನಾಯಿಲ್ ಕೂಡ ಬೇಡ. ಅದು ಬೆಕ್ಕಿನ ಪಾದಕ್ಕೆ ಹತ್ತಿ, ನೆಕ್ಕಿದಾಗ ಹೊಟ್ಟೆಗೆ ಹೋಗುತ್ತೆ, ಬೆಕ್ಕಿಗೆ ಅದು ವಿಷ. ಬಿಸಿನೀರು, ಸೋಪಿನ ಪುಡಿ, ತೆರೆದ ಕಿಟಕಿ ಸಾಕು. ಕಿಟಕಿಗೆ ಜಾಲರಿ ಹೊಡೆಸಿಕೊಟ್ಟರೆ ಬೆಕ್ಕು ಓಡಿಹೋಗುತ್ತೆ ಅನ್ನೋ ಭಯವೂ ಇರೋದಿಲ್ಲ. ಒಳಗೆ ಹೋಗುವವರು ಮಾಸ್ಕ್ ಹಾಕಿಕೊಳ್ಳಿ, ಬಸುರಿಯರು ಈ ಕೆಲಸಕ್ಕೆ ಬರುವುದೇ ಬೇಡ. ಪರಚಿದರೆ, ಕಚ್ಚಿದರೆ ಹರಿಯೋ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಕೇಳಿ. ಬೆಕ್ಕು ತಾನೇ ಅಂತ ಬಿಡಬೇಡಿ.

ಈಗ ಕಂಪ್ಲೇಂಟ್. ಕೊಡಲೇಬಾರದು ಅಂತ ನಾನು ಹೇಳುತ್ತಿಲ್ಲ. ಬೆಕ್ಕುಗಳು ಉಪವಾಸ ಬಿದ್ದಿದ್ದರೆ, ಹೆಣಗಳು ಮನೆಯಲ್ಲೇ ಉಳಿದಿದ್ದರೆ, ಆಂಟಿ ಯಾರನ್ನೂ ಸೇರಿಸದೆ ದಿನದಿಂದ ದಿನಕ್ಕೆ ಕೆಡುತ್ತಿದ್ದರೆ, ಒಳ್ಳೆತನದ ಹೆಸರಲ್ಲಿ ಸುಮ್ಮನಿರೋದೂ ಕ್ರೌರ್ಯವೇ. ಸಾಕಿದ ಪ್ರಾಣಿಗೆ ಅನ್ನ, ನೀರು, ನೆರಳು ಕೊಡದಿರೋದು ಅದೇ 11ನೇ ಸೆಕ್ಷನ್ನಿನ ಅಪರಾಧ. ಆದರೆ ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ ಅಷ್ಟೇ, ಅದರಿಂದ ಬೆಕ್ಕಿಗೂ ಆಂಟಿಗೂ ಏನೂ ಬದಲಾಗೋದಿಲ್ಲ. ಸಂಖ್ಯೆ ಹಿಡಿದು ದೂರು ಕೊಡೋಣ ಅಂದರೆ ಅದಕ್ಕೂ ಬಲ ಕಮ್ಮಿ. 2018ರಲ್ಲಿ ಫ್ಲಾಟಿಗೆ ಒಂದು, ಸ್ವಂತ ಮನೆಗೆ ಮೂರು ನಾಯಿ ಅನ್ನೋ ನಿಯಮ ತರೋಕೆ ಹೋಗಿ ವಿರೋಧ ಬಂದ ಮೇಲೆ ಬಿಬಿಎಂಪಿ ಹಿಂದೆ ಸರಿದಿತ್ತು, ಅದೂ ನಾಯಿಗಳಿಗೆ ಮಾತ್ರ. ಹಾಗಾಗಿ ದೂರು ಕೊಡಲೇಬೇಕಾಗಿ ಬಂದರೆ ಪಾಲಿಕೆಯ ಪಶುಸಂಗೋಪನೆ ವಿಭಾಗಕ್ಕೆ ಕೊಡಿ. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಜಾಗದಲ್ಲಿ ಐದು ಪಾಲಿಕೆಗಳು ಬಂದಿವೆ, ನಿಮ್ಮ ವಾರ್ಡ್ ಯಾವುದಕ್ಕೆ ಸೇರಿದೆ ಅಂತ ಮೊದಲು ನೋಡಿಕೊಳ್ಳಿ. "ಶಿಕ್ಷೆ ಆಗಲಿ" ಅಂತ ಬರೆಯಬೇಡಿ, "ಪಶುವೈದ್ಯರು ಬಂದು ನೋಡಲಿ, ಹಿರಿಯರೊಬ್ಬರು ಒಂಟಿಯಾಗಿದ್ದಾರೆ" ಅಂತ ಬರೆಯಿರಿ. ವ್ಯಾನ್ ಬಂದು ಒಂದೇ ದಿನ ಎಲ್ಲವನ್ನೂ ಎತ್ತಿಕೊಂಡು ಹೋಗುವ ಹಾಗೆ ಮಾತ್ರ ಮಾಡಬೇಡಿ. ಮನೆ ಖಾಲಿ ಮಾಡಿ ಕೈತೊಳೆದುಕೊಂಡ ಕಡೆ ಮತ್ತೆ ಪ್ರಾಣಿಗಳು ತುಂಬಿಕೊಳ್ಳೋದು ಇದರಲ್ಲಿ ತೀರಾ ಸಾಮಾನ್ಯ, ಬೇರೆ ದೇಶಗಳ ಅನುಭವವೂ ಅದೇ. ಆಪರೇಷನ್ ಆದ, ಅವರಿಗೆ ನೋಡಿಕೊಳ್ಳೋಕೆ ಆಗುವ ನಾಲ್ಕೈದು ಬೆಕ್ಕು ಅವರ ಹತ್ತಿರ ಉಳಿಯಲಿ. ಯಾವುವು ಅಂತ ಅವರೇ ಆರಿಸಲಿ. ಉಳಿದವಕ್ಕೆ ನಿಧಾನವಾಗಿ ಮನೆ ಹುಡುಕಿ.

ಆಂಟಿಯ ಆರೋಗ್ಯಕ್ಕೆ ಟೆಲಿ ಮಾನಸ್ ಅನ್ನೋ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಮೊದಲು ನೀವೇ ಮಾಡಿ, ಹೀಗಿದೆ ಪರಿಸ್ಥಿತಿ, ಹೇಗೆ ಮಾತಾಡಲಿ ಅಂತ ಕೇಳಿ. ಹಿರಿಯರ ಸಹಾಯವಾಣಿ 14567. "ಹುಚ್ಚಾಸ್ಪತ್ರೆ" ಅನ್ನೋ ಮಾತು ಬೀದಿಯಲ್ಲಿ ಯಾರ ಬಾಯಲ್ಲೂ ಬಾರದ ಹಾಗೆ ನೋಡಿಕೊಳ್ಳಿ. ಮೊದಲು ಸಕ್ಕರೆ, ಬಿಪಿ, ರಕ್ತ ಪರೀಕ್ಷೆಗೆ ಅಂತ ಫ್ಯಾಮಿಲಿ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ, ಬೇಕಿದ್ದರೆ ಅವರೇ ನಿಮ್ಹಾನ್ಸ್‌ಗೆ ಬರೆದುಕೊಡುತ್ತಾರೆ. ಮತ್ತೆ, ಇಷ್ಟನ್ನೂ ನೀವೊಬ್ಬರೇ ಹೊರಬೇಡಿ. ಊಟದ ಡಬ್ಬಿ ಒಂದು ಮನೆ, ಆಟೋ ಒಂದು ಮನೆ, ಚಂದಾ ಇನ್ನೊಂದು ಮನೆ ಅಂತ ಹಂಚಿಕೊಳ್ಳಿ. ಚೀಲದಲ್ಲಿ ಹಿಡಿಯೋಣ ಅಂದವರಿಗೇ ಆಸ್ಪತ್ರೆಗೆ ಒಯ್ಯುವ ಬುಟ್ಟಿಯ ಕೆಲಸ ಕೊಡಿ.

ಪ್ರಶ್ನೆ: ನಮ್ಮಮ್ಮ ರಾಜಾಜಿನಗರದ ಮನೆಯಲ್ಲಿ ಹದಿನಾಲ್ಕು ನಾಯಿ ಇಟ್ಟುಕೊಂಡಿದ್ದಾರೆ. ಎಲ್ಲಾ ಬೀದಿಯಿಂದ ತಂದಿದ್ದು. ಅವರಿಗೆ ಮಂಡಿ ಆಪರೇಷನ್ ಆಗಲೇಬೇಕು, ನಾಯಿ ಬಿಟ್ಟು ಬರೋದಿಲ್ಲ ಅಂತ ಹಟ. ಅವರು ಆಸ್ಪತ್ರೆಯಲ್ಲಿದ್ದಾಗ ಎಲ್ಲಾ ಸಾಗಿಸಿಬಿಡೋಣ ಅಂತಾನೆ ಅಣ್ಣ. ಸರೀನಾ?
— ಮಗಳು, ವೈಟ್‌ಫೀಲ್ಡ್

ಉತ್ತರ: ಬೇಡಮ್ಮ, ದಯವಿಟ್ಟು ಬೇಡ. ಆಪರೇಷನ್ ಆಗಿ ವಾಕರ್ ಹಿಡಿದು ಮನೆಗೆ ಬಂದ ದಿನ ಅವರಿಗೆ ಆ ಮೋಸ ಕಾಣಬಾರದು. ಅದಾದ ಮೇಲೆ ಮಕ್ಕಳ ಮಾತನ್ನು ಯಾವ ವಿಷಯಕ್ಕೂ ನಂಬೋದಿಲ್ಲ, ನಾಳೆ ಇನ್ನೊಂದು ಆಪರೇಷನ್ ಬೇಕಾದರೆ ಬರೋದೇ ಇಲ್ಲ. ನಿಮ್ಮಮ್ಮನ ಹಟದಲ್ಲಿ ಅರ್ಥವಿದೆ: "ನಾನು ಮಲಗಿದರೆ ಇವುಗಳಿಗೆ ಯಾರು?" ಆ ಪ್ರಶ್ನೆಗೆ ಉತ್ತರ ಕೊಡಿ, ಹಟ ತಾನಾಗಿ ಸಡಿಲವಾಗುತ್ತೆ. ಆಪರೇಷನ್ನಿಗೆ ಮೊದಲೇ ನಾಯಿ ನೋಡಿಕೊಳ್ಳೋಕೆ ಗೊತ್ತಿರುವ ಒಬ್ಬರನ್ನು ಸಂಬಳ ಕೊಟ್ಟು ಗೊತ್ತು ಮಾಡಿ, ಅಮ್ಮನ ಎದುರಿಗೇ ಅವರು ಕೆಲವು ದಿನ ಕೆಲಸ ಮಾಡಲಿ. ಆಸ್ಪತ್ರೆಗೆ ದಿನಾ ವಿಡಿಯೊ ಕಾಲ್ ಮಾಡಿ ನಾಯಿಗಳನ್ನು ತೋರಿಸಿ.

ಕಮ್ಮಿ ಮಾಡುವ ಮಾತನ್ನು ಈಗಲೇ, ಅವರ ಮುಂದೆಯೇ ಆಡಿ. ಮಂಡಿ ಆಪರೇಷನ್ ಆದವರು ಎಳೆದಾಡುವ ನಾಯಿಗಳ ಮಧ್ಯೆ ಓಡಾಡಿ ಬಿದ್ದರೆ ಮತ್ತೆ ಆಸ್ಪತ್ರೆಯೇ. ಇದನ್ನು ಮೂಳೆ ಡಾಕ್ಟರ ಬಾಯಿಂದ ಹೇಳಿಸಿ. ವಯಸ್ಸಾದ, ಕುಂಟುವ, ಬೇರೆ ಯಾರೂ ಒಯ್ಯದ ನಾಯಿಗಳು ಅಮ್ಮನ ಹತ್ತಿರ ಇರಲಿ. ಚಿಕ್ಕವು, ಚುರುಕಾದವು ಬೇಗ ಮನೆ ಸೇರುತ್ತವೆ, ಅವುಗಳ ಒಳ್ಳೆಯ ಫೋಟೊ ತೆಗೆದು ದತ್ತು ಕೊಡಲು ಶುರು ಮಾಡಿ, ಕೊಟ್ಟ ಮನೆಯವರ ಫೋನ್ ನಂಬರ್ ಅಮ್ಮನಿಗೂ ಇರಲಿ. ಎಲ್ಲಕ್ಕೂ ಲಸಿಕೆ, ಆಪರೇಷನ್ ಆಗಿದೆಯಾ ಅಂತ ಇವತ್ತೇ ನೋಡಿ. ಹೊಸದನ್ನು ತರೋದಿಲ್ಲ ಅಂತ ಅಮ್ಮನಿಂದ ಮಾತು ತಗೊಳ್ಳಿ. ಬೀದಿಯಲ್ಲಿ ಕಂಡ ನಾಯಿಗೆ ಅಲ್ಲೇ ಅನ್ನ ಹಾಕಲಿ, ಮನೆಗೆ ತರೋದು ಬೇಡ. ಆ ಮಾತು ಒಂದೆರಡು ಸಲ ತಪ್ಪಿದರೆ ಜಗಳ ಮಾಡಬೇಡಿ, ಜೊತೆಗೆ ಕೂತು ಹೊಸದಕ್ಕೆ ಮನೆ ಹುಡುಕಿ. ಅಣ್ಣನಿಗೂ ಇದನ್ನು ಓದಿಸಿ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಬ್ಬರು ಬಾಲ್ಕನಿಯಲ್ಲಿ ಪಂಜರ ಇಟ್ಟು ಹತ್ತಾರು ಹಸಿರು ಗಿಳಿ, ಎರಡು ನಕ್ಷತ್ರ ಆಮೆ ಸಾಕಿದ್ದಾರೆ. ಇದೂ ಅದೇ ಥರದ್ದಾ?
— ಓದುಗ, ಜೆ.ಪಿ. ನಗರ

ಉತ್ತರ: ಮನಸ್ಸಿನ ವಿಷಯ ಏನೇ ಇರಲಿ, ಕಾನೂನು ಇಲ್ಲಿ ಬೇರೆ. ನಮ್ಮ ಕಾಡಿನ ಗಿಳಿ, ನಕ್ಷತ್ರ ಆಮೆ ಎರಡನ್ನೂ ಮನೆಯಲ್ಲಿ ಇಡುವಂತಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ತಡೆಯುತ್ತೆ. ಅಂಗಡಿಯಲ್ಲಿ ಸಿಗುವ ಲವ್ ಬರ್ಡ್ಸ್ ಬೇರೆ ದೇಶದವು, ಅವುಗಳಿಗೆ ಇದು ಅನ್ವಯಿಸೋದಿಲ್ಲ. ಎಷ್ಟೋ ಜನಕ್ಕೆ ಇದು ಅಪರಾಧ ಅಂತಲೇ ಗೊತ್ತಿರೋದಿಲ್ಲ, ಆದ್ದರಿಂದ ಒಂದು ಸಲ ಮನೆಗೆ ಹೋಗಿ ಹೇಳಿ. ತಾವಾಗಿಯೇ ಒಪ್ಪಿಸಲಿ. ಒಪ್ಪದಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ. ಸಹಾಯವಾಣಿ 1926. ಸಿಟ್ಟಿನಲ್ಲಿ ಪಂಜರದ ಬಾಗಿಲು ತೆಗೆದು ಹಾರಿಸಿಬಿಡಬೇಡಿ. ಪಂಜರದಲ್ಲೇ ಬೆಳೆದ ಗಿಳಿಗೆ ರೆಕ್ಕೆಯಲ್ಲಿ ಕಸುವಿರೋದಿಲ್ಲ, ಹೊಟ್ಟೆಗೆ ಹುಡುಕಿಕೊಳ್ಳೋದೂ ಗೊತ್ತಿರೋದಿಲ್ಲ, ಹದ್ದು ಕಾಗೆಗಳ ಬಾಯಿಗೆ ಬೀಳುತ್ತೆ. ಅವನ್ನು ಹಾರೋಕೆ ಕಲಿಸಿ ಬಿಡುವ ಪುನರ್ವಸತಿ ಕೇಂದ್ರಗಳಿವೆ, ಇಲಾಖೆಯವರು ಅಲ್ಲಿಗೆ ಕಳಿಸುತ್ತಾರೆ.